ಬೆಳ್ಳಿಯ ಬೆನ್ನು ಹತ್ತಿದ ಲೆ ಜಾಂಟಿ

ಮನೆಮನೆಯಲ್ಲೂ ಗಡಿಯಾರ ಇಲ್ಲದಿದ್ದ ಕಾಲದಲ್ಲಿ ನಮ್ಮ ಹಿರಿಯರು ಮೂಡುದಿಕ್ಕಿನಲ್ಲಿ ಬೆಳ್ಳಿ ಮೂಡಿದ್ದನ್ನು ನೋಡಿ ಏಳುತ್ತಿದ್ದರು. ಗದ್ದೆಗೆ ಹೋಗುವವರಿಗೂ ದೂರದ ದಾರಿ ನಡೆಯಬೇಕಾದವರಿಗೂ ಬೆಳ್ಳಿಯೇ ಗಂಟೆ. ಈ ಬೆಳ್ಳಿ ನಕ್ಷತ್ರವಲ್ಲ, ನಮ್ಮ ನೆರೆಯ ಗ್ರಹವಾದ ಶುಕ್ರ. ಇದರ ಸುತ್ತ ತಿರುಗುವ ನೌಕೆಯೊಂದನ್ನು ಕಳಿಸುವ ಯೋಜನೆಗೆ ಕೇಂದ್ರ ಸಚಿವ ಸಂಪುಟವು 2024ರ ಸೆಪ್ಟೆಂಬರ್ 18ರಂದು ಒಪ್ಪಿಗೆ ನೀಡಿತು. ಯೋಜನೆಯ ಮೊತ್ತ 1,236 ಕೋಟಿ ರೂಪಾಯಿ. ಜನರ ಬಾಯಲ್ಲಿ ಶುಕ್ರಯಾನವೆಂದೇ ಹೆಸರಾಗಿರುವ ಈ ನೌಕೆ 2028ರ ಮಾರ್ಚ್ ತಿಂಗಳಲ್ಲಿ ಹೊರಡಬೇಕೆಂದು ನಿಶ್ಚಯವಾಗಿದೆ.

ಶುಕ್ರನಿಗಾಗಿ ಮನೆ ಬಿಟ್ಟು ಭಾರತದ ದಿಕ್ಕಿಗೆ ಹೊರಟು ಬಂದ ಒಬ್ಬ ಮನುಷ್ಯನನ್ನು ಈ ಹೊತ್ತಿನಲ್ಲಿ ನೆನೆಯುವುದು ಯುಕ್ತ. ಅವನ ಹೆಸರು ಗಿಯೋಮ್ ಲೆ ಜಾಂಟಿ. ಫ್ರಾನ್ಸ್ ದೇಶದ ಖಗೋಳಶಾಸ್ತ್ರಜ್ಞ. ಶುಕ್ರನನ್ನು ನೋಡಬೇಕೆಂದು ಅವನು ಕಳೆದದ್ದು ಒಂದೆರಡು ರಾತ್ರಿಗಳನ್ನಲ್ಲ, ಹನ್ನೊಂದೂವರೆ ವರ್ಷಗಳನ್ನು. ಆ ಅಲೆದಾಟದಲ್ಲಿ ಅವನು ಕಾಸರಗೋಡಿನಿಂದ ತೆಂಕಣಕ್ಕೆ ನೂರು ಚಿಲ್ಲರೆ ಕಿಲೋಮೀಟರ್ ದೂರದ ಮಾಹೆಯ ಕಡಲಿನವರೆಗೆ ಬಂದು, ದಡಕ್ಕೆ ಕಾಲಿಡಲಾಗದೆ ಹಿಂತಿರುಗಿದ್ದ.

ಪಾದ್ರಿಯಾಗಬೇಕಿದ್ದ ತರುಣ

ಲೆ ಜಾಂಟಿ ಹುಟ್ಟಿದ್ದು 1725ರ ಸೆಪ್ಟೆಂಬರ್ 12ರಂದು, ಫ್ರಾನ್ಸಿನ ನಾರ್ಮಂಡಿ ಪ್ರಾಂತದ ಕೂತಾನ್ಸ್ ಎಂಬ ಪಟ್ಟಣದಲ್ಲಿ. ಪಾದ್ರಿಯಾಗುವ ಉದ್ದೇಶದಿಂದ ಧರ್ಮಶಾಸ್ತ್ರ ಕಲಿಯಲು ಪ್ಯಾರಿಸ್ಸಿಗೆ ಬಂದ. ಅಲ್ಲಿ ದೆಲೀಲ್ ಎಂಬ ಖಗೋಳಶಾಸ್ತ್ರದ ಪ್ರಾಧ್ಯಾಪಕನ ಉಪನ್ಯಾಸಗಳನ್ನು ಕೇಳತೊಡಗಿದ ಮೇಲೆ ತರುಣನ ಮನಸ್ಸು ಇಗರ್ಜಿಯಿಂದ ಆಕಾಶದ ಕಡೆಗೆ ತಿರುಗಿತು. ಪ್ಯಾರಿಸ್ ವೀಕ್ಷಣಾಲಯದಲ್ಲಿ ಕಸೀನಿ ಮನೆತನದ ವಿದ್ವಾಂಸರ ಕೈಕೆಳಗೆ ಕೆಲಸ ಕಲಿತ. 1749ರಲ್ಲಿ ಆಂಡ್ರೊಮೀಡ ನೀಹಾರಿಕೆಯ ಪಕ್ಕದಲ್ಲಿ ಇನ್ನೊಂದು ಮಸುಕಾದ ಪುಟ್ಟ ಬೆಳಕನ್ನು ಗುರುತಿಸಿದ. ಅದು ಆಂಡ್ರೊಮೀಡದ ಸಂಗಾತಿಯಾದ ಒಂದು ಸಣ್ಣ ನಕ್ಷತ್ರಮಂಡಲವೆಂಬುದು ಈಗ ತಿಳಿದಿದೆ. 1753ರಲ್ಲಿ ಫ್ರಾನ್ಸಿನ ವಿಜ್ಞಾನ ಅಕಾಡೆಮಿ ಅವನನ್ನು ಸದಸ್ಯನನ್ನಾಗಿ ಮಾಡಿಕೊಂಡಿತು. ಆಗ ಅವನಿಗೆ ಇಪ್ಪತ್ತೆಂಟು ವರ್ಷ. ಅಲ್ಲಿಯ ತನಕ ಎಲ್ಲವೂ ನೆಟ್ಟಗೆ ಸಾಗಿತ್ತು.

ಸೂರ್ಯನ ಮೇಲೊಂದು ಕಪ್ಪು ಬೊಟ್ಟು

ಭೂಮಿಗಿಂತ ಸೂರ್ಯನಿಗೆ ಹತ್ತಿರವಾಗಿ ಸುತ್ತುವ ಶುಕ್ರ, ಬಲು ಅಪರೂಪಕ್ಕೆ ಸೂರ್ಯನಿಗೂ ಭೂಮಿಗೂ ನಡುವೆ ಸರಿಯಾಗಿ ಒಂದೇ ಗೆರೆಯಲ್ಲಿ ಬರುತ್ತದೆ. ಆಗ ಸೂರ್ಯಬಿಂಬದ ಮೇಲೆ ಒಂದು ಸಣ್ಣ ಕಪ್ಪು ಬೊಟ್ಟು ಕೆಲವು ತಾಸುಗಳ ಕಾಲ ಮೆಲ್ಲಗೆ ಸಾಗಿಹೋಗುವುದು ಕಾಣುತ್ತದೆ. ಇದೇ ಶುಕ್ರ ಸಂಕ್ರಮಣ. ಎಂಟು ವರ್ಷಗಳ ಅಂತರದಲ್ಲಿ ಎರಡು ಬಾರಿ ನಡೆದರೆ, ಮತ್ತೆ ನೂರು ವರ್ಷಕ್ಕೂ ಮೀರಿ ಕಾಯಬೇಕು. ನಮ್ಮ ತಲೆಮಾರಿನವರು 2004ರ ಜೂನ್ 8ರಂದು ಮತ್ತು 2012ರ ಜೂನ್ 6ರಂದು ನಡೆದ ಸಂಕ್ರಮಣಗಳ ಕಾಲದಲ್ಲಿ ಬದುಕಿದ್ದವರು. ಇನ್ನೊಂದು ಬರುವುದು 2117ರಲ್ಲಿ.

ಈ ಬೊಟ್ಟಿನಿಂದ ಒಂದು ದೊಡ್ಡ ಲೆಕ್ಕ ಬಿಡಿಸಬಹುದೆಂದು ಇಂಗ್ಲೆಂಡಿನ ಎಡ್ಮಂಡ್ ಹ್ಯಾಲಿ 1716ರಲ್ಲಿ ವಿವರಿಸಿದ್ದ. ಮುಖದ ಮುಂದೆ ಒಂದು ಬೆರಳು ಹಿಡಿದು, ಒಮ್ಮೆ ಎಡಗಣ್ಣಿನಿಂದಲೂ ಒಮ್ಮೆ ಬಲಗಣ್ಣಿನಿಂದಲೂ ನೋಡಿದರೆ ಬೆರಳು ಹಿಂದಿನ ಗೋಡೆಯ ಮೇಲೆ ಜಾಗ ಬದಲಿಸಿದಂತೆ ಕಾಣುತ್ತದಲ್ಲವೇ? ಹಾಗೆಯೇ ಭೂಮಿಯ ಮೇಲೆ ದೂರ ದೂರದ ಎರಡು ಊರುಗಳಿಂದ ನೋಡುವವರಿಗೆ ಶುಕ್ರನ ಬೊಟ್ಟು ಸೂರ್ಯನ ಮೇಲೆ ಸ್ವಲ್ಪ ಬೇರೆ ಬೇರೆ ಗೆರೆಗಳಲ್ಲಿ ಸಾಗುತ್ತದೆ. ಬೊಟ್ಟು ಸೂರ್ಯಬಿಂಬವನ್ನು ಹೊಕ್ಕ ಮತ್ತು ಬಿಟ್ಟ ಕ್ಷಣಗಳನ್ನು ನಾನಾ ಊರುಗಳಲ್ಲಿ ಸರಿಯಾಗಿ ಗುರುತಿಸಿಕೊಂಡರೆ ಭೂಮಿಯಿಂದ ಸೂರ್ಯನಿಗಿರುವ ದೂರವನ್ನು ಗಣಿಸಬಹುದು. ಗ್ರಹಗಳ ದೂರ ಒಂದಕ್ಕೊಂದು ಯಾವ ಪ್ರಮಾಣದಲ್ಲಿದೆ ಎಂಬುದು ಕೆಪ್ಲರನ ಕಾಲದಿಂದಲೇ ಗೊತ್ತಿತ್ತು. ಆದರೆ ಆ ಪ್ರಮಾಣವನ್ನು ಮೈಲಿಗಳಿಗೆ ತಿರುಗಿಸಲು ಬೇಕಾದ ಅಳತೆಗೋಲು ಮಾತ್ರ ಯಾರ ಕೈಯಲ್ಲೂ ಇರಲಿಲ್ಲ.

ಮುಂದಿನ ಸಂಕ್ರಮಣಗಳು 1761ರಲ್ಲಿ ಮತ್ತು 1769ರಲ್ಲಿ. ಅವನ್ನು ಕಾಣುವಷ್ಟು ಕಾಲ ತಾನು ಬದುಕಿರಲಾರೆನೆಂಬ ಅರಿವು ಹ್ಯಾಲಿಗಿತ್ತು. ಅವನು 1742ರಲ್ಲಿ ತೀರಿಕೊಂಡ. ಆದರೆ ಅವನ ಮಾತು ವ್ಯರ್ಥವಾಗಲಿಲ್ಲ. ಯುರೋಪಿನ ವಿದ್ವಾಂಸರು ಭೂಮಿಯ ಮೂಲೆಮೂಲೆಗೆ ಹೊರಟರು. ಫ್ರೆಂಚರ ಕೈಯಲ್ಲಿದ್ದ ಪಾಂಡಿಚೇರಿಗೆ ಹೋಗುವ ಕೆಲಸ ಲೆ ಜಾಂಟಿಯ ಪಾಲಿಗೆ ಬಂತು.

ಮಾಹೆಯ ಕಡಲಿನಲ್ಲಿ

1760ರ ಮಾರ್ಚ್ 26ರಂದು ಬ್ರೆಸ್ಟ್ ಬಂದರಿನಿಂದ ಅವನ ಹಡಗು ಹೊರಟಿತು. ಸಂಕ್ರಮಣಕ್ಕೆ ಇನ್ನೂ ಒಂದು ವರ್ಷಕ್ಕಿಂತ ಹೆಚ್ಚು ಸಮಯವಿತ್ತು. ಜುಲೈ ತಿಂಗಳಲ್ಲಿ ಈಗಿನ ಮಾರಿಷಸ್ ದ್ವೀಪವನ್ನು ತಲುಪಿದಾಗ ಕೆಟ್ಟ ಸುದ್ದಿ ಕಾದಿತ್ತು. ಫ್ರೆಂಚರಿಗೂ ಇಂಗ್ಲಿಷರಿಗೂ ನಡೆಯುತ್ತಿದ್ದ ಏಳು ವರ್ಷಗಳ ಯುದ್ಧದ ಬಿಸಿ ಕೋರಮಂಡಲ ತೀರಕ್ಕೂ ತಾಗಿತ್ತು. ಅತ್ತ ಹೋಗುವ ಹಡಗಿಗಾಗಿ ತಿಂಗಳುಗಟ್ಟಲೆ ಕಾಯುವಷ್ಟರಲ್ಲಿ ರಕ್ತಭೇದಿ ಅವನನ್ನು ಹಣ್ಣು ಮಾಡಿತು. ಕೊನೆಗೆ 1761ರ ಮಾರ್ಚ್ ತಿಂಗಳಲ್ಲಿ ಸಿಲ್ಫೀದ್ ಎಂಬ ಯುದ್ಧನೌಕೆಯಲ್ಲಿ ಜಾಗ ಸಿಕ್ಕಿತು.

ಹಾಯಿಹಡಗಿನ ಕಾಲ ಅದು. ಗಾಳಿ ಕೊಂಡೊಯ್ದತ್ತ ಹೋಗಬೇಕು. ಎದುರುಗಾಳಿಗೆ ಸಿಕ್ಕಿದ ಸಿಲ್ಫೀದ್ ಆಫ್ರಿಕದ ಕರಾವಳಿ, ಸೊಕೋತ್ರ ದ್ವೀಪ, ಅರಬ್ಬೀ ಸಮುದ್ರವೆಂದು ವಾರಗಟ್ಟಲೆ ಅಲೆಯಿತು. ಮೇ 24ರಂದು ಮಲಬಾರ್ ತೀರದ ಮಾಹೆಯ ಎದುರಿಗೆ ಬಂತು. ಈಗ ಕಣ್ಣೂರಿನಿಂದ ಕೋಝಿಕ್ಕೋಡಿಗೆ ಹೋಗುವ ದಾರಿಯಲ್ಲಿ ತಲಶ್ಶೇರಿ ದಾಟಿದೊಡನೆ ಸಿಗುವ ಮಾಹೆ ಆಗ ಫ್ರೆಂಚರ ಒಂದು ನೆಲೆ. ಇತ್ತ ನಮ್ಮ ಬೇಕಲ ಕೋಟೆ ಇನ್ನೂ ಇಕ್ಕೇರಿ ನಾಯಕರ ಕೈಯಲ್ಲಿದ್ದ ಕಾಲ. ಫ್ರೆಂಚರ ನೆಲೆಗೆ ಬಂದೆವೆಂದುಕೊಂಡ ಹಡಗಿನವರಿಗೆ ಅಲ್ಲಿ ತಿಳಿದದ್ದು ಬೇರೆಯೇ. ಮಾಹೆ ಇಂಗ್ಲಿಷರ ವಶವಾಗಿತ್ತು. ಪಾಂಡಿಚೇರಿ ಕೂಡ ಜನವರಿಯಲ್ಲಿಯೇ ಬಿದ್ದುಹೋಗಿತ್ತು.

ಸಂಕ್ರಮಣಕ್ಕೆ ಉಳಿದಿದ್ದದ್ದು ಹದಿಮೂರು ದಿನ. ಶತ್ರುಗಳ ಕೈಯಲ್ಲಿದ್ದ ನೆಲದಲ್ಲಿ ಇಳಿಯುವ ಹಾಗಿಲ್ಲ. ಕಪ್ತಾನ ಹಡಗನ್ನು ಸಿಂಹಳದ ಗಾಲೆಯ ಕಡೆಗೆ ನಡೆಸಿದ. ಅಲ್ಲಿಯೂ ಅದೇ ಸುದ್ದಿ ಖಚಿತವಾದಾಗ ಮಾರಿಷಸ್ಸಿಗೆ ತಿರುಗಿದ. ಜೂನ್ 6ರ ಬೆಳಗ್ಗೆ ಆಕಾಶ ಶುಭ್ರವಾಗಿತ್ತು. ಸೂರ್ಯನ ಮೇಲೆ ಶುಕ್ರನ ಕಪ್ಪು ಬೊಟ್ಟು ಸಾಗುವುದನ್ನು ಲೆ ಜಾಂಟಿ ಹಡಗಿನ ಮೇಲಿಂದಲೇ ನೋಡಿದ. ನೋಡಿದನಷ್ಟೆ, ಅಳೆಯಲಾಗಲಿಲ್ಲ. ತೊನೆಯುವ ಹಡಗಿನಲ್ಲಿ ಲೋಲಕದ ಗಡಿಯಾರ ನಡೆಯದು. ನಡುಗಡಲಲ್ಲಿ ತಾನಿರುವ ರೇಖಾಂಶವೂ ಸರಿಯಾಗಿ ತಿಳಿಯದು. ಇವೆರಡೂ ಇಲ್ಲದ ಅವಲೋಕನ ಲೆಕ್ಕಕ್ಕೆ ಬಾರದು.

ಎಂಟು ವರ್ಷ ಕಾದವನು

ಬೇರೆಯವನಾಗಿದ್ದರೆ ಊರಿಗೆ ಮರಳುತ್ತಿದ್ದ. ಲೆ ಜಾಂಟಿ ಮರಳಲಿಲ್ಲ. 1769ರ ಸಂಕ್ರಮಣದ ತನಕ ಇತ್ತಲೇ ಇರುವುದೆಂದು ತೀರ್ಮಾನಿಸಿದ. ಆ ವರ್ಷಗಳನ್ನು ಸುಮ್ಮನೆ ಕೂತು ಕಳೆದವನೂ ಅಲ್ಲ. ಮಡಗಾಸ್ಕರಿನ ಮೂಡಣ ತೀರದ ನಕ್ಷೆ ತಯಾರಿಸಿದ. ಹಿಂದೂ ಮಹಾಸಾಗರದ ಗಾಳಿಗಳು, ಉಬ್ಬರವಿಳಿತಗಳು, ದ್ವೀಪಗಳ ಗಿಡಮರಗಳು, ಜನರ ನಡೆನುಡಿ ಇವೆಲ್ಲವನ್ನೂ ಬರೆದಿಟ್ಟ.

ಎರಡನೆಯ ಸಂಕ್ರಮಣಕ್ಕೆ ಫಿಲಿಪ್ಪೀನ್ಸಿನ ಮನಿಲಾ ಒಳ್ಳೆಯ ಜಾಗವೆಂದು ಲೆಕ್ಕ ಹಾಕಿ, 1766ರ ಆಗಸ್ಟಿನಲ್ಲಿ ಅಲ್ಲಿಗೆ ಹೋದ. ಆದರೆ ಅಲ್ಲಿನ ಸ್ಪೇನಿನ ಗವರ್ನರನಿಗೆ ಈ ಫ್ರೆಂಚನ ಮೇಲೆ ನಂಬಿಕೆ ಹುಟ್ಟಲಿಲ್ಲ. ಸ್ಪೇನಿನಿಂದ ಬಂದ ಶಿಫಾರಸು ಪತ್ರಗಳು ಇಷ್ಟು ಬೇಗ ಬರುವುದುಂಟೇ, ಇವು ಖೋಟಾ ಇರಬೇಕೆಂದು ಅವನು ಶಂಕಿಸಿದ. ಅಷ್ಟರಲ್ಲಿ ಪ್ಯಾರಿಸ್ಸಿನ ಅಕಾಡೆಮಿಯೂ ಪಾಂಡಿಚೇರಿಯೇ ಮೇಲು ಎಂದು ತಿಳಿಸಿತು. 1763ರ ಒಪ್ಪಂದದ ಪ್ರಕಾರ ಪಾಂಡಿಚೇರಿ ಮತ್ತೆ ಫ್ರೆಂಚರಿಗೆ ಸಿಕ್ಕಿತ್ತು. 1768ರ ಮಾರ್ಚ್ 27ರಂದು ಲೆ ಜಾಂಟಿ ಅಲ್ಲಿಗೆ ಬಂದಿಳಿದ. ಎಂಟು ವರ್ಷ ಹಿಂದೆ ಯಾವ ಊರಿಗೆಂದು ಹೊರಟಿದ್ದನೋ ಆ ಊರನ್ನು ಕೊನೆಗೂ ಮುಟ್ಟಿದ್ದ.

ಅಲ್ಲಿನ ಗವರ್ನರ್ ಅವನನ್ನು ಆದರದಿಂದ ಬರಮಾಡಿಕೊಂಡ. ಇಂಗ್ಲಿಷರು ಕೆಡವಿಹಾಕಿದ್ದ ಕೋಟೆಯ ಅವಶೇಷಗಳ ಮೇಲೆ ಒಂದು ವೀಕ್ಷಣಾಲಯ ಎದ್ದಿತು. ಅದರ ಕೆಳಗಿನ ನೆಲಮಾಳಿಗೆಯಲ್ಲಿ ಇಟ್ಟಿದ್ದದ್ದು ಕೋವಿಮದ್ದು! ಒಂದು ಕಾಲದ ಶತ್ರುಗಳಾದ ಮದರಾಸಿನ ಇಂಗ್ಲಿಷರೇ ಈಗ ಒಂದು ಒಳ್ಳೆಯ ದೂರದರ್ಶಕವನ್ನು ಕಳಿಸಿಕೊಟ್ಟರು.

ಕವಡೆಯ ಲೆಕ್ಕ

ಸಂಕ್ರಮಣಕ್ಕೆ ಇನ್ನೂ ಒಂದು ವರ್ಷ ಬಾಕಿಯಿತ್ತು. ಈ ಅವಧಿಯಲ್ಲಿ ಅವನು ತಮಿಳು ಜೋಯಿಸರ ಗಣಿತವನ್ನು ಅರಿಯಲು ತೊಡಗಿದ. ನಮ್ಮ ಕಡೆಯ ಓದುಗರಿಗೆ ಇದು ಅಪರಿಚಿತವಾದ ಸಂಗತಿಯಲ್ಲ. ಕವಡೆಗಳನ್ನು ನೆಲದ ಮೇಲೆ ಸಾಲಾಗಿ ಇಡುತ್ತ, ಬಾಯಿಪಾಠವಾಗಿದ್ದ ಪದ್ಯಗಳನ್ನು ಹೇಳಿಕೊಳ್ಳುತ್ತ, ಕಾಗದ ಲೇಖನಿಗಳ ಹಂಗಿಲ್ಲದೆ ಗ್ರಹಣ ಗಣಿಸುವವರನ್ನು ಅವನು ಅಲ್ಲಿ ಕಂಡ. ತಮಿಳುನಾಡು ಮತ್ತು ಕೇರಳಗಳಲ್ಲಿ ವಾಕ್ಯ ಪದ್ಧತಿಯೆಂದು ಹೆಸರಾದ ಗಣಿತ ಇಂಥದೇ.

ಲೆ ಜಾಂಟಿ ಅದನ್ನು ಪರೀಕ್ಷೆಗೆ ಒಡ್ಡಿದ. 1765ರ ಆಗಸ್ಟ್ 30ರಂದು ನಡೆದುಹೋಗಿದ್ದ ಚಂದ್ರಗ್ರಹಣವನ್ನು ಒಬ್ಬ ತಮಿಳನಿಂದ ಲೆಕ್ಕ ಹಾಕಿಸಿದ. ಗ್ರಹಣದ ಒಟ್ಟು ಅವಧಿಯಲ್ಲಿ ಕವಡೆಯ ಲೆಕ್ಕ ತಪ್ಪಿದ್ದು 41 ಸೆಕೆಂಡು ಮಾತ್ರ. ಆಗ ಯುರೋಪಿನಲ್ಲಿ ಅತ್ಯುತ್ತಮವೆನಿಸಿದ್ದ ಟೋಬಿಯಾಸ್ ಮೇಯರನ ಕೋಷ್ಟಕಗಳ ಪ್ರಕಾರ ಗಣಿಸಿದರೆ 68 ಸೆಕೆಂಡು ತಪ್ಪುತ್ತಿತ್ತು. ಈ ಸಂಗತಿಯನ್ನು ಅವನು ಮುಚ್ಚಿಡಲಿಲ್ಲ. ಊರಿಗೆ ಮರಳಿದ ಮೇಲೆ ಅಕಾಡೆಮಿಯ ಮುಂದೆಯೇ ಇಟ್ಟ. ಭಾರತದ ಜ್ಯೋತಿರ್ಗಣಿತ ಯುರೋಪಿನ ವಿದ್ವಾಂಸರ ಗಮನಕ್ಕೆ ಬರುವಲ್ಲಿ ಅವನ ಬರಹಗಳಿಗೆ ಒಂದು ಸ್ಥಾನವಿದೆ. ಪಾಂಡಿಚೇರಿಯ ಹತ್ತಿರದ ಅರಿಕ್ಕಮೇಡಿನಲ್ಲಿ ಹೊಳೆಯ ದಂಡೆಯಿಂದ ಜನ ಹಳೆಯ ದೊಡ್ಡ ಇಟ್ಟಿಗೆಗಳನ್ನು ಕಿತ್ತೊಯ್ಯುತ್ತಿದ್ದುದನ್ನೂ ಅವನು ಬರೆದಿಟ್ಟಿದ್ದಾನೆ. ಅದೇ ಜಾಗದಲ್ಲಿ 1945ರಲ್ಲಿ ಅಗೆದು ನೋಡಿದಾಗ ರೋಮನರ ಕಾಲದ ವ್ಯಾಪಾರದ ಕುರುಹುಗಳು ದೊರೆತವು.

ಆ ಒಂದು ಬೆಳಗು

ಜೂನ್ ಮೊದಲ ವಾರವೆಂದರೆ ನಮ್ಮ ಕರಾವಳಿಯಲ್ಲಿ ಮಳೆಗಾಲ ಕಾಲಿಡುವ ಹೊತ್ತು. ಇಲ್ಲಿ ಯಾರೂ ಆ ದಿನಗಳಲ್ಲಿ ಶುಭ್ರ ಆಕಾಶವನ್ನು ನೆಚ್ಚಿಕೊಳ್ಳಲಾರರು. ಆದರೆ ಪಾಂಡಿಚೇರಿಯ ಮಾತು ಬೇರೆ. ಅಲ್ಲಿ ಜೋರಿನ ಮಳೆ ಸುರಿಯುವುದು ಅಕ್ಟೋಬರಿನ ಮೇಲೆ. 1769ರ ಮೇ ತಿಂಗಳ ಬೆಳಗುಗಳೆಲ್ಲ ತಿಳಿಯಾಗಿದ್ದವು. ಜೂನ್ 3ರ ರಾತ್ರಿ ಗವರ್ನರ್ ಬಂದು ದೂರದರ್ಶಕದಲ್ಲಿ ಗುರುವಿನ ಉಪಗ್ರಹಗಳನ್ನು ನೋಡಿ ಹೋಗಿದ್ದ. ಲೆ ಜಾಂಟಿ ಸಮಾಧಾನದಿಂದ ಮಲಗಿದ.

ಬೆಳಗಿನ ಜಾವ ಎದ್ದು ನೋಡಿದರೆ ಆಕಾಶದ ತುಂಬ ಮೋಡ. ಪಾಂಡಿಚೇರಿಯಲ್ಲಿ ಸೂರ್ಯ ಹುಟ್ಟುವಾಗಲೇ ಶುಕ್ರ ಸೂರ್ಯಬಿಂಬದ ಮೇಲಿರಬೇಕು, ಏಳು ಗಂಟೆಯ ಸುಮಾರಿಗೆ ಬಿಟ್ಟುಹೋಗಬೇಕು. ಆ ಒಂದೂವರೆ ತಾಸೇ ಅವನ ಎಂಟು ವರ್ಷಗಳ ಫಲ. ಗಾಳಿ ಬೀಸಿತು, ಕಡಲು ನೊರೆಯೆದ್ದಿತು, ಮೋಡ ಮಾತ್ರ ಸರಿಯಲಿಲ್ಲ. ಶುಕ್ರ ದಾಟಿಹೋಗಿ ಸ್ವಲ್ಪ ಹೊತ್ತಿನ ಬಳಿಕ ಸೂರ್ಯ ಹೊರಬಿದ್ದ. ಮತ್ತೆ ದಿನವಿಡೀ ಚೆನ್ನಾಗಿ ಬಿಸಿಲು. ಅತ್ತ ಅವನು ಬಿಟ್ಟುಬಂದ ಮನಿಲಾದಲ್ಲಿ ಆ ದಿನ ಆಕಾಶ ನಿರ್ಮಲವಾಗಿತ್ತು! ಎರಡು ವಾರ ಕಾಲ ಅವನಿಗೆ ಲೇಖನಿ ಎತ್ತಲು ಮನಸ್ಸು ಬರಲಿಲ್ಲ.

ಆದರೂ ಅದೃಷ್ಟದ ತಕ್ಕಡಿಯನ್ನು ತೂಗುವುದು ಸುಲಭವಲ್ಲ. ಅದೇ ಸಂಕ್ರಮಣವನ್ನು ಅಮೆರಿಕದ ಕ್ಯಾಲಿಫೋರ್ನಿಯಾ ಪರ್ಯಾಯದ್ವೀಪದಿಂದ ಅಚ್ಚುಕಟ್ಟಾಗಿ ಅಳೆದ ಅವನ ದೇಶದವನೇ ಆದ ಶಾಪ್ ಎಂಬ ವಿದ್ವಾಂಸ, ಎರಡು ತಿಂಗಳೊಳಗೆ ಅಲ್ಲಿಯೇ ಸಾಂಕ್ರಾಮಿಕ ಜ್ವರಕ್ಕೆ ಬಲಿಯಾದ. ಕಂಡವನು ಮರಳಲಿಲ್ಲ, ಕಾಣದವನು ಮರಳಿದ.

ಬದುಕಿದ್ದೂ ಸತ್ತವನು

ಮರಳುವ ದಾರಿಯೂ ಸುಗಮವಾಗಿರಲಿಲ್ಲ. 1770ರ ಮಾರ್ಚ್‌ನಲ್ಲಿ ಪಾಂಡಿಚೇರಿ ಬಿಟ್ಟ ಲೆ ಜಾಂಟಿ ಮತ್ತೆ ಕಾಯಿಲೆ ಬಿದ್ದು ಮಾರಿಷಸ್ಸಿನಲ್ಲಿ ಉಳಿಯಬೇಕಾಯಿತು. ನವೆಂಬರಿನಲ್ಲಿ ಹೊರಟ ಹಡಗು ಬಿರುಗಾಳಿಗೆ ಸಿಕ್ಕಿ ಹೊರಟಲ್ಲಿಗೇ ವಾಪಸಾಯಿತು. 1771ರ ಮಾರ್ಚ್‌ನಲ್ಲಿ ಒಂದು ಸ್ಪೇನಿನ ಯುದ್ಧನೌಕೆ ಅವನನ್ನು ಹತ್ತಿಸಿಕೊಂಡಿತು. ಆಗಸ್ಟ್ 1ರಂದು ಸ್ಪೇನಿನ ಕಾದಿಸ್ ಬಂದರಿನಲ್ಲಿ ಇಳಿದು, ನೆಲದ ದಾರಿಯಿಂದ ಪಿರನೀಸ್ ಬೆಟ್ಟಗಳನ್ನು ದಾಟಿ, ಅಕ್ಟೋಬರ್ 8ರಂದು ತಾಯ್ನೆಲ ಮುಟ್ಟಿದ. ಅವನೇ ಎಣಿಸಿದ ಪ್ರಕಾರ ಹನ್ನೊಂದು ವರ್ಷ, ಆರು ತಿಂಗಳು, ಹದಿಮೂರು ದಿನ ಆಗಿತ್ತು.

ಊರಿನಲ್ಲಿ ಅವನು ಸತ್ತನೆಂದೇ ಸುದ್ದಿ ಹಬ್ಬಿತ್ತು. ಅವನ ಆಸ್ತಿಯನ್ನು ಪಾಲು ಮಾಡಿಕೊಳ್ಳಲು ಬಂಧುಗಳು ಸಿದ್ಧರಾಗಿದ್ದರು. ವ್ಯವಹಾರ ನೋಡಿಕೊಳ್ಳಲು ನೇಮಿಸಿದ್ದವನ ಕೈಯಲ್ಲಿದ್ದ ಹಣ ಕಳವಾಯಿತೆಂಬ ವರದಿ ಬಂತು. ವ್ಯಾಜ್ಯ ಹೂಡಿದರೆ ಸೋತು ಖರ್ಚನ್ನೂ ತಾನೇ ಕೊಡಬೇಕಾಯಿತು. ವರ್ಷಗಟ್ಟಲೆ ಕೂಡಿಟ್ಟು ಕಳಿಸಿದ್ದ ವಸ್ತುಸಂಗ್ರಹದ ಪೆಟ್ಟಿಗೆಗಳು ದಾರಿಯಲ್ಲಿಯೇ ಕಳೆದುಹೋಗಿದ್ದವು. ಅಕಾಡೆಮಿಯಲ್ಲಿ ಅವನಿದ್ದ ಸ್ಥಾನದಲ್ಲಿ ಬೇರೊಬ್ಬ ಕುಳಿತಿದ್ದ. ಅವನ ಹೆಂಡತಿಯೂ ಮರುಮದುವೆಯಾಗಿದ್ದಳೆಂದು ಕೆಲವರು ಕತೆ ಕಟ್ಟಿ ಹೇಳುವುದುಂಟು. ಅದು ನಿಜವಲ್ಲ. ಅವನಿಗೆ ಆಗ ಮದುವೆಯೇ ಆಗಿರಲಿಲ್ಲ.

ಕಥೆ ಅಲ್ಲಿಗೆ ಮುಗಿದಿದ್ದರೆ ಲೆ ಜಾಂಟಿಯನ್ನು ದುರದೃಷ್ಟದ ಒಂದು ಮಾದರಿಯೆಂದು ಬಿಟ್ಟುಬಿಡಬಹುದಿತ್ತು. ಆದರೆ ಅದು ಅಲ್ಲಿಗೆ ಮುಗಿಯಲಿಲ್ಲ. 1772ರಲ್ಲಿ ಅಕಾಡೆಮಿ ಅವನನ್ನು ಮರಳಿ ಸೇರಿಸಿಕೊಂಡಿತು. ಅವನು ಮದುವೆಯಾದ, ಒಬ್ಬಳು ಮಗಳು ಹುಟ್ಟಿದಳು. ಪ್ಯಾರಿಸ್ ವೀಕ್ಷಣಾಲಯದಲ್ಲಿಯೇ ವಾಸ. ತನ್ನ ಪ್ರಯಾಣದ ವೃತ್ತಾಂತವನ್ನು ಎರಡು ದೊಡ್ಡ ಸಂಪುಟಗಳಲ್ಲಿ 1779 ಮತ್ತು 1781ರಲ್ಲಿ ಪ್ರಕಟಿಸಿದ. ಅವು ಹದಿನೆಂಟನೆಯ ಶತಮಾನದ ಹಿಂದೂ ಮಹಾಸಾಗರದ ಬದುಕಿಗೆ ಇಂದಿಗೂ ಆಧಾರಗ್ರಂಥಗಳು. 1792ರ ಅಕ್ಟೋಬರ್ 22ರಂದು, ಅರುವತ್ತೇಳನೆಯ ವಯಸ್ಸಿನಲ್ಲಿ, ಪ್ಯಾರಿಸ್ಸಿನಲ್ಲಿ ಕಣ್ಣು ಮುಚ್ಚಿದ. ಚಂದ್ರನ ತೆಂಕಣ ಅಂಚಿನ ಬಳಿಯ ಒಂದು ಕುಳಿಗೆ ಅವನ ಹೆಸರಿಡಲಾಗಿದೆ.

ಅವನಿಗೆ ದಕ್ಕದ ಲೆಕ್ಕ ಲೋಕಕ್ಕೆ ದಕ್ಕಿತು. ಅವನ ಸಮಕಾಲೀನನಾದ ಲಲಾಂದ್ 1771ರಲ್ಲಿ ಎರಡೂ ಸಂಕ್ರಮಣಗಳ ಅಳತೆಗಳನ್ನು ಜೋಡಿಸಿ ಸೂರ್ಯನ ದೂರ ಸುಮಾರು 15 ಕೋಟಿ 30 ಲಕ್ಷ ಕಿಲೋಮೀಟರ್ ಎಂದು ಗಣಿಸಿದ. ಇಂದು ನಮಗೆ ತಿಳಿದಿರುವ ದೂರ 14 ಕೋಟಿ 96 ಲಕ್ಷ ಕಿಲೋಮೀಟರ್. ಅಳತೆಗೋಲು ಸಿಕ್ಕಿತ್ತು. ಇಂದು ಒಂದು ನೌಕೆಯನ್ನು ಇಂಥ ದಿನ ಹಾರಿಸಿದರೆ ಇಂಥ ದಿನ ಶುಕ್ರನನ್ನು ಸೇರುತ್ತದೆಂದು ಲೆಕ್ಕ ಹೇಳುವವರು ಆ ಅಳತೆಗೋಲಿನ ವಾರಸುದಾರರೇ.

ಮೋಡದ ಆಚೆಗೆ

ಲೆ ಜಾಂಟಿಗೆ ಅಡ್ಡ ಬಂದದ್ದು ಭೂಮಿಯ ಮೋಡ. ಶುಕ್ರನ ಮುಖಕ್ಕೆ ಅದರದೇ ಮೋಡ ಸದಾ ಮುಸುಕಿಕೊಂಡಿದೆ. ಅದು ನೀರಿನ ಮೋಡವಲ್ಲ, ಗಂಧಕಾಮ್ಲದ ಮೋಡ. ಗಾತ್ರದಲ್ಲಿ ಹೆಚ್ಚುಕಡಮೆ ಭೂಮಿಯಷ್ಟೇ ಇರುವ ಈ ಗ್ರಹದ ನೆಲ ಸೀಸ ಕರಗುವಷ್ಟು ಬಿಸಿ. ಗಾಳಿಯ ಒತ್ತಡ ನಮ್ಮಲ್ಲಿಗಿಂತ ಸುಮಾರು ತೊಂಬತ್ತು ಪಾಲು ಹೆಚ್ಚು. ಗಾಳಿಯಲ್ಲಿ ನೂರಕ್ಕೆ 96 ಪಾಲು ಇಂಗಾಲದ ಡೈ ಆಕ್ಸೈಡ್. ಒಡಹುಟ್ಟಿದಂತಿರುವ ಎರಡು ಗ್ರಹಗಳಲ್ಲಿ ಒಂದು ಹಸುರಾಗಿ ಇನ್ನೊಂದು ಕುಲುಮೆಯಾದದ್ದು ಹೇಗೆ ಎಂಬ ಪ್ರಶ್ನೆಯೇ ನಮ್ಮ ನೌಕೆಯನ್ನು ಅತ್ತ ಕಳಿಸುತ್ತಿರುವುದು. ಮೋಡವನ್ನು ತೂರಿ ನೆಲವನ್ನು ನೋಡಬಲ್ಲ ರಾಡಾರ್ ಅದರಲ್ಲಿರುತ್ತದೆ. 1990ರಿಂದ 1994ರ ವರೆಗೆ ಅಮೆರಿಕದ ಮೆಗಲನ್ ನೌಕೆ ಹೀಗೆಯೇ ಶುಕ್ರನ ನಕ್ಷೆ ಬರೆದಿತ್ತು. ಅದಕ್ಕಿಂತ ಸೂಕ್ಷ್ಮವಾಗಿ ನೋಡುವುದು ಈ ಯೋಜನೆಯ ಆಶಯ.

ಇಲ್ಲಿಯೂ ಕಾಯುವುದು ತಪ್ಪಿದ್ದಲ್ಲ. ಶುಕ್ರನಿಗೆ ಹೊರಡಲು ಅನುಕೂಲದ ಮುಹೂರ್ತ ಸುಮಾರು 19 ತಿಂಗಳಿಗೊಮ್ಮೆ ಬರುತ್ತದೆ. ಮೊದಲು ಯೋಚಿಸಿದ್ದ ದಿನಗಳು ಮುಂದೆ ಹೋಗಿಯೇ 2028ಕ್ಕೆ ಬಂದು ನಿಂತಿರುವುದು. ಅದು ಕೂಡ ತಪ್ಪಿದರೆ ಮತ್ತೆ ಕಾಯಬೇಕು. ಇಂಥ ಕೆಲಸಕ್ಕೆ ಇಳಿದವರಿಗೆ ದಿನ ತಪ್ಪುವುದು ಹೊಸತಲ್ಲ. ದಿನ ತಪ್ಪಿದ ಮೇಲೂ ಕೆಲಸ ಬಿಡದವರೇ ಮುಂದಿನವರಿಗೆ ಏನನ್ನಾದರೂ ಉಳಿಸಿ ಹೋಗುತ್ತಾರೆಂಬುದಕ್ಕೆ ಲೆ ಜಾಂಟಿಯ ಬಾಳೇ ಸಾಕ್ಷಿ. ಅವನು ಹೊರಟ ಕೆಲಸವೊಂದು ಕೈಗೂಡಲಿಲ್ಲ. ಕಾಯುತ್ತ ಮಾಡಿದ ಕೆಲಸಗಳು ಉಳಿದವು.

ಎಣಿಸಿದಂತೆ ಎಲ್ಲವೂ ನಡೆದರೆ, ಸುಮಾರು ನಾಲ್ಕು ತಿಂಗಳ ಪ್ರಯಾಣದ ಬಳಿಕ, 2028ರ ಜುಲೈ ತಿಂಗಳಲ್ಲಿ ನಮ್ಮ ನೌಕೆ ಶುಕ್ರನನ್ನು ಸೇರುತ್ತದೆ. ನಮ್ಮಲ್ಲಿ ಅದು ಆಟಿಯ ಮಳೆ ಸುರಿಯುವ ಕಾಲ. ಆ ದಿನಗಳಲ್ಲಿ ಶುಕ್ರ ಬೆಳಗಿನ ಜಾವದ ಬೆಳ್ಳಿಯಾಗಿ ಮೂಡಣದಲ್ಲಿ ಹೊಳೆಯುತ್ತಿರುತ್ತದೆ. ಅಂಗಳದಲ್ಲಿ ನಿಂತು ನೋಡುವವರಿಗೆ ಮೋಡ ಅಡ್ಡ ಬರಬಹುದು. ಅಂದು ಮಾಹೆಯ ಎದುರಿನ ಕಡಲಿನಿಂದ ಬರಿಗೈಯಲ್ಲಿ ಹಿಂದಿರುಗಿದವನ ನೆನಪು ಬಂದರೆ, ಇನ್ನೊಂದು ಬೆಳಗ್ಗೆ ಎದ್ದು ನೋಡಿದರಾಯಿತು.